ಟೀಚರ್ ಇಟ್ಟ ದತ್ತಿ ಎಲ್ಲಿದೆ? ಕಥೋಲಿಕ ಶಾಲೆಗಳ ಆಡಳಿತ ಮಂಡಳಿಗಳಿಗೆ ಒಂದು ಬಹಿರಂಗ ಪತ್ರ

ನಾನು ಓದಿದ ಶಾಲೆಯ ಆಡಳಿತ ಮಂಡಳಿಯ ಮಾನ್ಯ ಸದಸ್ಯರಿಗೆ, ಮತ್ತು ಕಥೋಲಿಕ ಶಾಲೆಗಳ ದತ್ತಿನಿಧಿ ನೋಡಿಕೊಳ್ಳುವ ಎಲ್ಲ ಫಾದರ್, ಸಿಸ್ಟರ್, ಬ್ರದರ್ ಹಾಗೂ ಹಿರಿಯರಿಗೆ,

ಗೌರವಪೂರ್ವಕ ನಮಸ್ಕಾರಗಳು.

ಈ ಪತ್ರವನ್ನು ಮೊದಲು ಲಕೋಟೆಯಲ್ಲಿ ಹಾಕಿ ನಮ್ಮ ಶಾಲೆಗೇ ಕಳಿಸಿದ್ದೆ. ಎರಡು ಸಲ ಕಳಿಸಿದೆ. ಉತ್ತರ ಬರಲಿಲ್ಲ. ಹಾಗಾಗಿ ಈಗ ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ. ಶಾಲೆಯ ಹೆಸರು ಹಾಕಿಲ್ಲ, ಹಾಕುವುದೂ ಇಲ್ಲ. ಶಾಲೆಗೆ ಕೆಟ್ಟ ಹೆಸರು ತರುವ ಉದ್ದೇಶ ನನಗಿಲ್ಲ. ಆ ಶಾಲೆ ಇಲ್ಲದಿದ್ದರೆ ಇಂಥ ಒಂದು ಪತ್ರ ಬರೆಯುವಷ್ಟೂ ನಾನು ಕಲಿಯುತ್ತಿರಲಿಲ್ಲ.

ನಾನು ಎಂಟನೇ ಕ್ಲಾಸಿನಲ್ಲಿದ್ದಾಗ ಅಪ್ಪನ ಕೆಲಸ ಹೋಯಿತು. ಫೀಸು ಕಟ್ಟುವ ಕೊನೆಯ ದಿನ ಕಳೆದು ಎರಡು ವಾರ ಆಗಿತ್ತು. ಇವತ್ತು ಆಫೀಸಿಗೆ ಕರೆಯುತ್ತಾರೆ, ನಾಳೆ ಕರೆಯುತ್ತಾರೆ ಅಂತ ದಿನಾ ಹೆದರಿಕೊಂಡೇ ಕೂತಿರುತ್ತಿದ್ದೆ. ಒಂದು ದಿನ ಹೆಡ್‌ಮಿಸ್ಟ್ರೆಸ್ ಸಿಸ್ಟರ್ ಕ್ಲಾಸಿಗೆ ಬಂದರು. ಎಲ್ಲರ ನೋಟ್‌ಬುಕ್ ತಿರುವಿ ನೋಡಿದರು. ನನ್ನದನ್ನೂ ನೋಡಿ, ಮುಚ್ಚಿ ಕೈಗೆ ಕೊಟ್ಟರು. ಮನೆಗೆ ಹೋಗಿ ತೆರೆದರೆ ಒಳಗೆ ಮಡಚಿಟ್ಟ ಒಂದು ರಸೀದಿ. ಪೂರ್ತಿ ವರ್ಷದ ಫೀಸು ಸಂದಾಯ ಆಗಿದೆ ಅಂತ. ಕಟ್ಟಿದವರ ಹೆಸರಿನ ಜಾಗದಲ್ಲಿ 'ದತ್ತಿ' ಅಂತ ಒಂದೇ ಪದ. ಪಕ್ಕದಲ್ಲಿ ಕೂರುವ ಗೆಳತಿಗೂ ಗೊತ್ತಾಗಲಿಲ್ಲ. ಹತ್ತನೇ ಕ್ಲಾಸು ಮುಗಿಯುವವರೆಗೂ ಪ್ರತಿ ವರ್ಷ ಹಾಗೇ ನೋಟ್‌ಬುಕ್ಕಿನೊಳಗೆ ರಸೀದಿ ಬಂತು.

ಆ ದತ್ತಿ ಯಾರದು ಅಂತ ಗೊತ್ತಾಗಿದ್ದು ನಾನು ಕೆಲಸಕ್ಕೆ ಸೇರಿದ ಮೇಲೆ. ವಯಸ್ಸಾಗಿ ಮಠದಲ್ಲೇ ಇದ್ದ ಆ ಸಿಸ್ಟರನ್ನು ನೋಡಲು ಹೋಗಿದ್ದೆ. ಒತ್ತಾಯ ಮಾಡಿ ಕೇಳಿದ್ದಕ್ಕೆ ಹೇಳಿದರು. ನಾನು ಶಾಲೆ ಸೇರುವ ಮೊದಲೇ ರಿಟೈರ್ ಆಗಿದ್ದ ಒಬ್ಬ ಗಣಿತದ ಟೀಚರ್. ನನಗೆ ಒಂದು ದಿನವೂ ಪಾಠ ಮಾಡಿದವರಲ್ಲ. ರಿಟೈರ್ ಆದಾಗ ಕೈಗೆ ಬಂದ ದುಡ್ಡಿನಲ್ಲಿ ದೊಡ್ಡ ಪಾಲನ್ನು ಶಾಲೆಯಲ್ಲಿ ಪುದುವಟ್ಟು, ಅಂದರೆ ಅಸಲು ಮುಟ್ಟದೆ ಬಡ್ಡಿ ಮಾತ್ರ ಬಳಸುವ ಠೇವಣಿ, ಇಟ್ಟಿದ್ದರು. ಅದರ ಬಡ್ಡಿಯಲ್ಲಿ ವರ್ಷಕ್ಕೆ ಇಬ್ಬರು ಮಕ್ಕಳ ಫೀಸು.

ಆಮೇಲೆ ಟೀಚರ್ ಮನೆಗೆ ಹೋಗಿ ಬರುವುದು ರೂಢಿಯಾಯಿತು. ಶಾಲೆಗೆ ಕೊಟ್ಟ ಪತ್ರದ ಒಂದು ಪ್ರತಿಯನ್ನು ಅವರು ತಮ್ಮ ಬೈಬಲ್ಲಿನಲ್ಲಿ ನಾಲ್ಕು ಮಡಿಕೆ ಮಾಡಿ ಇಟ್ಟಿದ್ದರು. ಮಡಿಕೆ ಬಿದ್ದಲ್ಲೆಲ್ಲ ಕಾಗದ ಸವೆದು ಹರಿಯುವ ಹಾಗಾಗಿತ್ತು. ಗಣಿತದ ಟೀಚರ್ ಅಲ್ವಾ, ಅಕ್ಷರ ಗುಂಡಗೆ, ಒಂದೂ ಕಾಟು ಇಲ್ಲ. 'ಫೀಸು ಕಟ್ಟಲು ಆಗದ ಇಬ್ಬರು ಮಕ್ಕಳಿಗೆ. ಯಾವ ಧರ್ಮದವರು ಅಂತ ನೋಡಬಾರದು. ಅಸಲು ಮುಟ್ಟಬಾರದು. ನನ್ನ ಹೆಸರು ಎಲ್ಲೂ ಬೇಡ.' ಕೆಳಗೆ ಸಹಿ. ಅದರ ಕೆಳಗೆ, ಪತ್ರ ತಲುಪಿದೆ ಅನ್ನುವುದಕ್ಕೆ ಶಾಲೆಯ ಮೊಹರು. ಮೊದಲ ಕೆಲವು ವರ್ಷ ಶಾಲೆಯಿಂದ ಅವರಿಗೆ ಒಂದು ಕಾರ್ಡ್ ಬರುತ್ತಿತ್ತಂತೆ. ಈ ವರ್ಷ ಏಳನೇ ಕ್ಲಾಸಿನ ಒಬ್ಬ ಹುಡುಗ, ಒಂಬತ್ತನೇ ಕ್ಲಾಸಿನ ಒಬ್ಬ ಹುಡುಗಿ, ಇಷ್ಟೇ. ಮಕ್ಕಳ ಹೆಸರು ಇರುತ್ತಿರಲಿಲ್ಲ. ಆಮೇಲೆ ಕಾರ್ಡ್ ನಿಂತುಹೋಯಿತು. ಟೀಚರ್ ಬೇಜಾರು ಮಾಡಿಕೊಳ್ಳಲಿಲ್ಲ. ಅವರಿಗೆ ಕೆಲಸ ಜಾಸ್ತಿ ಇರುತ್ತೆ ಪಾಪ, ಮಕ್ಕಳಿಗೆ ಸಿಕ್ಕಿದರೆ ಸಾಕು ಅನ್ನುತ್ತಿದ್ದರು.

ಹೋದ ವರ್ಷ ಟೀಚರ್ ತೀರಿಕೊಂಡರು. ಆ ದತ್ತಿಗೆ ನನ್ನದೂ ಒಂದಿಷ್ಟು ಸೇರಿಸಿ, ಇಬ್ಬರ ಬದಲು ಮೂವರು ಮಕ್ಕಳು ಓದಲಿ ಅಂತ ಶಾಲೆಯ ಆಫೀಸಿಗೆ ಹೋದೆ. ಅಲ್ಲಿನ ಗುಮಾಸ್ತರು ಒಳ್ಳೆಯವರು. ಅರ್ಧ ದಿನ ನನ್ನ ಜೊತೆ ಕೂತು ಹಳೆ ರಿಜಿಸ್ಟರುಗಳನ್ನು ಕೆಳಗಿಳಿಸಿ ಧೂಳು ಕೊಡವಿ ಹುಡುಕಿದರು. ಕೊನೆಗೆ ಸಿಕ್ಕಿತು. ಟೀಚರ್ ಕೊಟ್ಟ ಮೊತ್ತ, ತಾರೀಖು, ಕೆಲವು ವರ್ಷಗಳ ಬಡ್ಡಿ, ಮಕ್ಕಳ ಕ್ಲಾಸು. ಅದಾದ ಮೇಲೆ ಒಂದು ಸಾಲು: 'ಸಣ್ಣ ದತ್ತಿಗಳನ್ನೆಲ್ಲ ಸಾಮಾನ್ಯ ನಿಧಿಗೆ ವರ್ಗಾಯಿಸಲಾಗಿದೆ.' ಆ ಸಾಲಿಗೆ ಸಹಿ ಕೂಡ ಇರಲಿಲ್ಲ. ಮುಂದಿನ ಪುಟ ಖಾಲಿ. ಅದರಾಚೆಯ ಪುಟಗಳೂ ಖಾಲಿ. ಆ ವರ್ಷವೇ ಹೊಸ ಕಟ್ಟಡದ ಕೆಲಸ ಶುರುವಾಗಿತ್ತು ಅಂತ ಗುಮಾಸ್ತರು ನೆನಪಿಸಿಕೊಂಡು ಹೇಳಿದರು.

ಇಲ್ಲಿ ಒಂದು ಮಾತು ಸ್ಪಷ್ಟವಾಗಿ ಹೇಳಬೇಕು. ಯಾರೋ ದುಡ್ಡು ತಿಂದರು ಅಂತ ನಾನು ಹೇಳುತ್ತಿಲ್ಲ. ಹಾಗೆ ಅಂದುಕೊಂಡೂ ಇಲ್ಲ. ಕಟ್ಟಡ ಎದ್ದಿದೆ, ಅದರಲ್ಲಿ ಮಕ್ಕಳು ಕೂತು ಓದುತ್ತಿದ್ದಾರೆ. ನನ್ನ ದೂರು ಬೇರೆ. ಫೀಸು ಕಟ್ಟಲಾಗದ ಇಬ್ಬರು ಮಕ್ಕಳಿಗೆ ಅಂತ ಕೊಟ್ಟ ದುಡ್ಡು ಗೋಡೆಗೆ ಹೋಯಿತು. ಕೊಟ್ಟವರು ಬದುಕಿದ್ದರು, ಅವರನ್ನು ಒಂದು ಮಾತು ಕೇಳಲಿಲ್ಲ. ಅವರು ಸಾಯುವವರೆಗೂ ಮಕ್ಕಳು ಓದುತ್ತಿದ್ದಾರೆ ಅಂತಲೇ ನಂಬಿದ್ದರು. ಆ ನಂಬಿಕೆ ನೆನಪಾದಾಗಲೆಲ್ಲ ನನಗೆ ನಿದ್ದೆ ಬರುವುದಿಲ್ಲ.

ಇನ್ನೊಂದು ವಿಷಯವೂ ಆವತ್ತು ಕಣ್ಣಿಗೆ ಬಿತ್ತು. ದೊಡ್ಡ ಮೊತ್ತ ಕೊಟ್ಟವರ ಹೆಸರು ಹೊಸ ಕಟ್ಟಡದ ಬಾಗಿಲಲ್ಲಿ ಕಲ್ಲಿನ ಮೇಲೆ ಇದೆ. ಆ ದುಡ್ಡು ಎಲ್ಲಿ ಹೋಯಿತು ಅಂತ ಯಾರೂ ಹುಡುಕಬೇಕಾಗಿಲ್ಲ, ಕಲ್ಲೇ ಹೇಳುತ್ತದೆ. ಹೆಸರು ಬೇಡ ಅಂದವರ ದುಡ್ಡೇ ಮೊದಲು ಮರೆತುಹೋಗುವುದು. ಬಲಗೈ ಕೊಟ್ಟಿದ್ದು ಎಡಗೈಗೆ ತಿಳಿಯಬಾರದು ಅಂತ ಯೇಸುಸ್ವಾಮಿ ಹೇಳಿದ್ದನ್ನು ಟೀಚರ್ ಹಾಗೇ ಪಾಲಿಸಿದರು. ಆದರೆ ಆ ಮಾತು ಹೇಳಿದ್ದು ಕೊಡುವವರಿಗೆ. ದುಡ್ಡು ಇಟ್ಟುಕೊಳ್ಳುವವರಿಗೆ ಸಂತ ಪೌಲರ ಮಾತಿದೆ. ಜೆರುಸಲೇಮಿನ ಬಡವರಿಗೆ ಅಂತ ಊರೂರಲ್ಲಿ ದುಡ್ಡು ಕೂಡಿಸುವಾಗ, ಇದರ ವಿಷಯದಲ್ಲಿ ಯಾರೂ ನಮ್ಮ ಮೇಲೆ ಬೆರಳು ತೋರಿಸಬಾರದು, ದೇವರ ಮುಂದೆ ಮಾತ್ರ ಅಲ್ಲ, ಜನರ ಮುಂದೆಯೂ ಸರಿಯಾಗಿ ನಡೆದುಕೊಳ್ಳಬೇಕು ಅಂತ ಅವರು ಕೊರಿಂಥದವರಿಗೆ ಬರೆದ ಎರಡನೇ ಪತ್ರದಲ್ಲಿ ಹೇಳುತ್ತಾರೆ. ಆ ದುಡ್ಡು ಒಯ್ಯಲು ತಾವೊಬ್ಬರೇ ಹೋಗಲಿಲ್ಲ. ಊರೂರಿನ ಕ್ರೈಸ್ತ ಸಭೆಗಳು ಆರಿಸಿದವರನ್ನು ಜೊತೆಗೆ ಕರೆದುಕೊಂಡು ಹೋದರು.

ಧರ್ಮಸಭೆಯ, ಅಂದರೆ ಕಥೋಲಿಕ ಚರ್ಚಿನ, ಕಾನೂನೂ ಇದನ್ನೇ ಹೇಳುತ್ತದೆ. ನಾನು ಕಾನೂನು ಓದಿದವಳಲ್ಲ. ಆದರೆ ಈ ಘಟನೆ ಆದ ಮೇಲೆ 1983ರ ಕಾನೂನು ಸಂಹಿತೆಯನ್ನು ತೆಗೆದು ಕೂತು ಓದಿದೆ. ಒಂದು ಗೊತ್ತಾದ ಉದ್ದೇಶಕ್ಕೆ ವಿಶ್ವಾಸಿಗಳು ಕೊಟ್ಟ ಕಾಣಿಕೆಯನ್ನು ಆ ಉದ್ದೇಶಕ್ಕೆ ಮಾತ್ರ ಬಳಸಬೇಕು, ಇದು 1267ನೇ ಕಲಮು. ಕೊಟ್ಟವರ ಇಚ್ಛೆಯನ್ನು ಅತಿ ಎಚ್ಚರಿಕೆಯಿಂದ ನೆರವೇರಿಸಬೇಕು, ಇದು 1300. ಆಸ್ತಿ ನೋಡಿಕೊಳ್ಳುವವರು ಮನೆಯ ಒಳ್ಳೆಯ ಯಜಮಾನನ ಹಾಗೆ ನಡೆದುಕೊಳ್ಳಬೇಕು, ಜಮಾಖರ್ಚಿನ ಪುಸ್ತಕ ಸರಿಯಾಗಿ ಇಡಬೇಕು, ವರ್ಷದ ಕೊನೆಗೆ ವರದಿ ಬರೆಯಬೇಕು, ಇದು 1284. ವಿಶ್ವಾಸಿಗಳು ಕೊಟ್ಟಿದ್ದರ ಲೆಕ್ಕವನ್ನು ವಿಶ್ವಾಸಿಗಳಿಗೇ ಕೊಡಬೇಕು, ಇದು 1287. ನನಗೆ ಎಲ್ಲಕ್ಕಿಂತ ಹಿಡಿಸಿದ್ದು 1307. ದತ್ತಿಗಳಿಂದ ಬಂದ ಹೊಣೆಗಳ ಒಂದು ಪಟ್ಟಿ ಮಾಡಿ, ಎಲ್ಲರಿಗೂ ಕಾಣುವ ಜಾಗದಲ್ಲಿ ಇಡಬೇಕಂತೆ. ಯಾಕೆ ಅಂದರೆ ಅವು ಮರೆತುಹೋಗಬಾರದು. ನೋಡಿ, ಅಲ್ಲಿ ದಾನಿಗಳ ಪಟ್ಟಿ ಹಾಕಿ ಅಂತ ಹೇಳಿಲ್ಲ. ಹೊಣೆಗಳ ಪಟ್ಟಿ ಹಾಕಿ ಅಂತ ಹೇಳಿದೆ. ಟೀಚರ್ ಹೆಸರು ಹಾಕದೆಯೂ 'ವರ್ಷಕ್ಕೆ ಇಬ್ಬರು ಮಕ್ಕಳ ಫೀಸು' ಅಂತ ಒಂದು ಸಾಲು ಆಫೀಸಿನ ಗೋಡೆಯ ಮೇಲೆ ಇದ್ದಿದ್ದರೆ, ಆ ಖಾಲಿ ಪುಟ ಹುಟ್ಟುತ್ತಲೇ ಇರಲಿಲ್ಲ.

ಬಡ ಮಕ್ಕಳ ಓದಿಗೆ ದತ್ತಿ ಇಡುವುದು ನಿನ್ನೆ ಮೊನ್ನೆ ಶುರುವಾದ ಕೆಲಸ ಅಲ್ಲ. 1179ರಲ್ಲಿ ರೋಮಿನಲ್ಲಿ ಬಿಷಪ್ಪರು ಸೇರಿದ ಮೂರನೇ ಲ್ಯಾಟರನ್ ಮಹಾಸಭೆಯಲ್ಲೇ ಇದರ ಮಾತು ಬಂತು. ಪ್ರತಿ ಕೆಥೆಡ್ರಲ್ಲಿನಲ್ಲೂ ಒಬ್ಬ ಮೇಷ್ಟ್ರು ಇರಬೇಕು, ಅವರ ಜೀವನಕ್ಕೆ ಒಂದು ಉಂಬಳಿ ಕೊಡಬೇಕು, ಅವರು ಪಾದ್ರಿಗಳಾಗುವವರಿಗೂ ಬಡ ಮಕ್ಕಳಿಗೂ ದುಡ್ಡು ತಗೊಳ್ಳದೆ ಕಲಿಸಬೇಕು ಅಂತ ತೀರ್ಮಾನ ಆಯಿತು. ಮೇಷ್ಟ್ರ ಹೊಟ್ಟೆಗೆ ದತ್ತಿ, ಮಗುವಿಗೆ ಉಚಿತ ಪಾಠ. ಎಷ್ಟು ಸರಳ ಏರ್ಪಾಡು! ಆದರೆ 1215ರಲ್ಲಿ ನಾಲ್ಕನೇ ಲ್ಯಾಟರನ್ ಮಹಾಸಭೆ ಇದೇ ಮಾತನ್ನು ಮತ್ತೆ ಹೇಳಬೇಕಾಯಿತು. ಎಷ್ಟೋ ಕಡೆ ಇದನ್ನು ಪಾಲಿಸುತ್ತಲೇ ಇಲ್ಲ ಅಂತ ಆ ಮಹಾಸಭೆಯೇ ಒಪ್ಪಿಕೊಂಡಿತು. 36 ವರ್ಷ ಸಾಕು, ಒಳ್ಳೆಯ ನಿಯಮ ಮರೆತುಹೋಗಲು. ಹಾಗಾಗಿ ನಮ್ಮ ಶಾಲೆಯಲ್ಲಿ ಆಗಿದ್ದು ಹೊಸ ತಪ್ಪು ಅಂತ ನಾನು ಅನ್ನುವುದಿಲ್ಲ. ಹಳೆಯ ತಪ್ಪು, ಮತ್ತೆ ಮತ್ತೆ ಆಗುವಂಥದ್ದು. ಅದಕ್ಕೇ ಹೇಳುತ್ತಿರುವುದು.

ಸಂತ ಇಗ್ನೇಷಿಯಸರು ಕಟ್ಟಿದ ಯೇಸುಸಭೆ, ಅಂದರೆ ಜೆಸ್ವಿಟ್ ಸಂನ್ಯಾಸಿಗಳ ಸಂಘ, 1548ರಲ್ಲಿ ಇಟಲಿಯ ಸಿಸಿಲಿಯ ಮೆಸ್ಸಿನಾದಲ್ಲಿ ಸಂಘಕ್ಕೆ ಸೇರದ ಹೊರಗಿನ ಮಕ್ಕಳಿಗೆ ಶಾಲೆ ತೆರೆದಾಗ ಪಾಠಕ್ಕೆ ಫೀಸು ಇರಲಿಲ್ಲ. ಮುಂದೆಯೂ ಅವರ ಶಾಲೆಗಳು ನಡೆದಿದ್ದು ಊರಿನವರು, ಅರಸರು, ಧರ್ಮಾಧ್ಯಕ್ಷರು (ಬಿಷಪ್ಪರು), ಸಿರಿವಂತ ಮನೆತನದವರು ಕೊಟ್ಟ ದತ್ತಿಯ ಆದಾಯದ ಮೇಲೆ. 1597ರಲ್ಲಿ ರೋಮಿನ ಒಂದು ಬಡ ಕೇರಿಯಲ್ಲಿ ಸಂತ ಜೋಸೆಫ್ ಕಲಸಾಂಜ್ ಬಡ ಮಕ್ಕಳಿಗೆ ಉಚಿತ ಶಾಲೆ ಶುರು ಮಾಡಿದರು. ಆಮೇಲಿನ ಕಾಲದಲ್ಲಿ ಸಿಸ್ಟರುಗಳು, ಬ್ರದರುಗಳು ತಮ್ಮ ಜೀವನವನ್ನೇ ದತ್ತಿಯಾಗಿ ಇಟ್ಟರು. ಇದನ್ನು ನಾವು ಸರಿಯಾಗಿ ಲೆಕ್ಕಕ್ಕೆ ತಗೊಂಡಿಲ್ಲ ಅಂತ ನನಗೆ ಅನಿಸುತ್ತದೆ. ಸಂಬಳ ಇಲ್ಲದೆ, ಅಥವಾ ಹೆಸರಿಗೆ ಮಾತ್ರ ಸಂಬಳ ತಗೊಂಡು, ನಲವತ್ತು ಐವತ್ತು ವರ್ಷ ಒಂದೇ ಶಾಲೆಯಲ್ಲಿ ಪಾಠ ಮಾಡಿದ ಸಿಸ್ಟರ್ ಅಂದರೆ ಒಂದು ದೊಡ್ಡ ಮೂಲಧನ ಇದ್ದ ಹಾಗೆ. ಅದರ ಬಡ್ಡಿಯನ್ನು ನಾವೆಲ್ಲ ತಿಂದಿದ್ದೇವೆ. ಈಗ ಎಷ್ಟೋ ದೇಶಗಳಲ್ಲಿ ಮಠಕ್ಕೆ ಸೇರುವವರು ಕಡಿಮೆ. ಅವರ ಜಾಗಕ್ಕೆ ಸಂಸಾರಸ್ಥ ಟೀಚರುಗಳು ಬಂದಿದ್ದಾರೆ. ಅವರಿಗೆ ಮನೆ ನಡೆಯುವಷ್ಟು ಸಂಬಳ ಕೊಡಲೇಬೇಕು, ಅದು ನ್ಯಾಯ. ಸಂಬಳ ಏರಿದಾಗ ಫೀಸು ಏರುತ್ತದೆ. ಫೀಸು ಏರಿದಾಗ ಮೊದಲು ಹೊರಗೆ ಹೋಗುವುದು ಯಾವ ಮಗುವಿಗಾಗಿ ಶಾಲೆ ಕಟ್ಟಿದರೋ ಅದೇ ಮಗು. ಅಮೆರಿಕದಲ್ಲಿ 1960ರ ದಶಕದ ಆರಂಭದಲ್ಲಿ ಕಥೋಲಿಕ ಶಾಲೆಗಳಲ್ಲಿ 50 ಲಕ್ಷಕ್ಕೂ ಹೆಚ್ಚು ಮಕ್ಕಳಿದ್ದರು. ಈಗ 20 ಲಕ್ಷವೂ ಇಲ್ಲ. ಕಾರಣ ಹಲವು ಇವೆ, ಆದರೆ ಸಿಸ್ಟರುಗಳು ಕಡಿಮೆಯಾಗಿ ಫೀಸು ಏರಿದ್ದು ಅದರಲ್ಲಿ ದೊಡ್ಡ ಕಾರಣ.

1965ರಲ್ಲಿ ಎರಡನೇ ವ್ಯಾಟಿಕನ್ ಮಹಾಸಭೆ ಶಿಕ್ಷಣದ ಬಗ್ಗೆ ಹೊರಡಿಸಿದ ಘೋಷಣೆ, ಬಡ ಮಕ್ಕಳನ್ನೂ ಮನೆಯವರ ಆಸರೆ ಇಲ್ಲದ ಮಕ್ಕಳನ್ನೂ ವಿಶೇಷವಾಗಿ ನೋಡಿಕೊಳ್ಳಿ ಅಂತ ಕಥೋಲಿಕ ಶಾಲೆಗಳಿಗೆ ಹೇಳಿದೆ. 1977ರಲ್ಲಿ ರೋಮಿನ ಶಿಕ್ಷಣ ವಿಭಾಗ ಇನ್ನೂ ನೇರವಾಗಿ ಎಚ್ಚರಿಸಿತು. ಉಳ್ಳವರ ಮಕ್ಕಳನ್ನೇ ಓದಿಸುತ್ತ ಹೋದರೆ ಉಳ್ಳವರ ಸ್ಥಾನವನ್ನೇ ಗಟ್ಟಿ ಮಾಡಿದ ಹಾಗೆ ಆಗುತ್ತದೆ ಅಂತ. ನಮ್ಮ ಶಾಲೆಯಿಂದ ಈಚೆಗೆ ಬಂದ ದೇಣಿಗೆ ಮನವಿಯನ್ನು ಈ ಮಾತಿನ ಪಕ್ಕದಲ್ಲಿಟ್ಟು ನೋಡಿದೆ. ಎಂಟು ಪುಟದ ಹೊಳೆಯುವ ಕಾಗದ. ಸಭಾಂಗಣದ ಚಿತ್ರ, ಒಳಾಂಗಣ ಕ್ರೀಡಾಂಗಣದ ಚಿತ್ರ. ಇಷ್ಟು ಕೊಟ್ಟರೆ ಕುರ್ಚಿಯ ಮೇಲೆ ಹೆಸರು, ಇಷ್ಟು ಕೊಟ್ಟರೆ ಬಾಗಿಲ ಮೇಲೆ. ಮೂರು ಸಲ ಹುಡುಕಿದೆ. ಫೀಸು ಕಟ್ಟಲಾಗದ ಮಗುವಿನ ಮಾತು ಒಂದು ಸಾಲೂ ಇಲ್ಲ. ಟೀಚರುಗಳ ಸಂಬಳದ ಮಾತೂ ಇಲ್ಲ. ಸಭಾಂಗಣ ಬೇಡ ಅಂತ ನಾನು ಹೇಳಲಾರೆ. ಆದರೆ ಕೊಡುವ ಮನಸ್ಸಿರುವವರ ಮುಂದೆ ನೀವು ಕಟ್ಟಡವನ್ನು ಮಾತ್ರ ಇಟ್ಟರೆ ಅವರು ಕಟ್ಟಡಕ್ಕೇ ಕೊಡುತ್ತಾರೆ. ಮಗುವನ್ನೂ ಇಡಿ.

ಟೀಚರ್ ದತ್ತಿಗೆ ಏನಾಯಿತು ಅನ್ನುವುದರಲ್ಲಿ ಇನ್ನೊಂದು ಪಾಠ ಇದೆ. ಅದನ್ನೂ ಮುಚ್ಚಿಡದೆ ಹೇಳುತ್ತೇನೆ. ಆ ರಿಜಿಸ್ಟರಿನ ಕೊನೆಯ ಸಾಲುಗಳಲ್ಲಿ, ಬಡ್ಡಿ ಇಬ್ಬರ ಫೀಸಿಗೆ ಸಾಲದೆ ಒಬ್ಬರಿಗೆ ಇಳಿದಿತ್ತು. ಆಮೇಲೆ ಒಬ್ಬರ ಪುಸ್ತಕದ ಖರ್ಚಿಗೆ. ಬಡ್ಡಿ ಅಷ್ಟೇ ಇತ್ತು, ಫೀಸು ಏರುತ್ತಾ ಹೋಗಿತ್ತು. ಇಷ್ಟು ಸಣ್ಣ ಮೊತ್ತಕ್ಕೆ ಬೇರೆ ಲೆಕ್ಕ ಯಾಕೆ ಅಂತ ಯಾರಿಗೋ ಅನಿಸಿರಬೇಕು. ಮೂಲಧನ 100 ಇದೆ ಅಂತಿಟ್ಟುಕೊಳ್ಳಿ. ವರ್ಷಕ್ಕೆ 7 ಬಡ್ಡಿ ಬರುತ್ತದೆ. ಬೆಲೆಗಳು ವರ್ಷಕ್ಕೆ ನೂರಕ್ಕೆ 5ರಂತೆ ಏರುತ್ತಿವೆ. ಬಂದ 7ನ್ನೂ ಖರ್ಚು ಮಾಡುತ್ತಾ ಹೋದರೆ 14 ವರ್ಷ ಆಗುವಷ್ಟರಲ್ಲಿ ಆ 7 ಅರ್ಧ ಕೆಲಸ ಮಾತ್ರ ಮಾಡುತ್ತದೆ. ದತ್ತಿ ಶಾಶ್ವತವಾಗಿ ಉಳಿಯಬೇಕಾದರೆ 5ನ್ನು ಅಸಲಿಗೇ ಮತ್ತೆ ಸೇರಿಸಿ 2 ಮಾತ್ರ ಖರ್ಚು ಮಾಡಬೇಕು. ಹಾಗೆ ಲೆಕ್ಕ ಹಾಕಿದರೆ ಇಬ್ಬರು ಮಕ್ಕಳ ಫೀಸು ಎಂದೆಂದಿಗೂ ಬರಲು ನೂರು ಮಕ್ಕಳ ಒಂದು ವರ್ಷದ ಫೀಸಿನಷ್ಟು ಅಸಲು ಬೇಕು. ಈ ಲೆಕ್ಕವನ್ನು ದಾನಿಗಳಿಗೆ ಮೊದಲೇ ಕೂರಿಸಿ ಹೇಳಬೇಕು. ಗಣಿತದ ಟೀಚರಿಗೆ ಯಾರಾದರೂ ಹೇಳಿದ್ದರೆ ಅರ್ಥವಾಗದೆ ಇರುತ್ತಿತ್ತಾ?

ಅಷ್ಟು ಕೊಡಲು ಆಗದವರಿಗೆ ಬೇರೆ ದಾರಿ ತೋರಿಸಿ. ಎಲ್ಲ ದಾನವೂ ಪುದುವಟ್ಟು ಆಗಲೇಬೇಕು ಅಂತ ಇಲ್ಲ. ಒಂದು ಮಗು ಐದನೇ ಕ್ಲಾಸಿನಿಂದ ಹತ್ತನೇ ಕ್ಲಾಸಿನವರೆಗೆ ಓದಲು ಬೇಕಾಗುವಷ್ಟು ಕೊಟ್ಟು, ಆ ಮಗು ಓದು ಮುಗಿಸಿದಾಗ ನಿಧಿಯೂ ಮುಗಿಯಲಿ. ಅದೂ ಪೂರ್ಣವಾದ ದಾನವೇ. ಫ್ರಾನ್ಸಿನ ಸಂತ ಜಾನ್ ಬ್ಯಾಪ್ಟಿಸ್ಟ್ ದ ಲಾ ಸಾಲ್ ಸಿರಿವಂತ ಮನೆಯವರು. ತಾವು ಶುರು ಮಾಡಿದ ಶಾಲೆಗಳಿಗೆ ತಮ್ಮ ಆಸ್ತಿಯನ್ನೇ ದತ್ತಿ ಇಡಬಹುದಿತ್ತು. ಆದರೆ 1684ರ ಸುಮಾರಿಗೆ ಬರ ಬಂದಾಗ ಅದನ್ನೆಲ್ಲ ಹಸಿದವರಿಗೆ ಹಂಚಿಬಿಟ್ಟರು. ಶಾಲೆಗಳು ನಿಂತುಹೋಗಲಿಲ್ಲ. ಅವರು ಕಟ್ಟಿದ ಬ್ರದರುಗಳ ಸಭೆ ಇವತ್ತಿಗೂ ಪಾಠ ಮಾಡುತ್ತಿದೆ. ದತ್ತಿ ಇದ್ದರೆ ಮಾತ್ರ ಶಾಲೆ ಅನ್ನುವವರಿಗೂ, ದತ್ತಿ ಯಾಕೆ ದೇವರು ನೋಡಿಕೊಳ್ಳುತ್ತಾನೆ ಅನ್ನುವವರಿಗೂ ಅವರ ಜೀವನ ಯೋಚನೆ ಮಾಡಲು ಹಚ್ಚುತ್ತದೆ.

ದಾನಿಗಳಿಗೂ ಇಲ್ಲಿ ಒಂದು ಮಾತು ಹೇಳಬೇಕು, ಯಾಕೆಂದರೆ ತಪ್ಪು ಯಾವಾಗಲೂ ಶಾಲೆಯದ್ದೇ ಆಗಿರುವುದಿಲ್ಲ. ಫಿಲಡೆಲ್ಫಿಯಾದ ಬ್ಯಾಂಕರ್ ಫ್ರಾನ್ಸಿಸ್ ಡ್ರೆಕ್ಸೆಲ್ 1885ರಲ್ಲಿ ತೀರಿಕೊಂಡರು. ಆಸ್ತಿಯ ದೊಡ್ಡ ಭಾಗವನ್ನು ಟ್ರಸ್ಟ್ ಮಾಡಿ, ಅದರ ಆದಾಯ ಮಾತ್ರ ಮೂವರು ಹೆಣ್ಣುಮಕ್ಕಳಿಗೆ ಸಿಗುವ ಹಾಗೆ ಉಯಿಲು ಬರೆದಿದ್ದರು. ಅವರಿಗೆ ಮಕ್ಕಳಾಗದಿದ್ದರೆ, ಮೂವರೂ ತೀರಿಕೊಂಡ ಮೇಲೆ ಅಸಲು ಉಯಿಲಿನಲ್ಲಿ ಹೆಸರಿಸಿದ ಸಂಸ್ಥೆಗಳಿಗೆ. ಮಗಳು ಕ್ಯಾಥರೀನ್ 1887ರಲ್ಲಿ ಪೋಪ್ ಹದಿಮೂರನೇ ಲಿಯೋ ಅವರ ಹತ್ತಿರ ಹೋಗಿ, ಬುಡಕಟ್ಟು ಜನರ ನಡುವೆ ಕೆಲಸ ಮಾಡಲು ಮಿಷನರಿಗಳನ್ನು ಕಳಿಸಿ ಅಂತ ಕೇಳಿದರು. ನೀನೇ ಯಾಕೆ ಆಗಬಾರದು ಅಂತ ಪೋಪ್ ತಿರುಗಿ ಕೇಳಿದರು. 1891ರಲ್ಲಿ ಆಕೆ ಸಿಸ್ಟರುಗಳ ಒಂದು ಸಭೆ ಕಟ್ಟಿದರು. ಅಮೆರಿಕದ ಮೂಲನಿವಾಸಿಗಳ ಮತ್ತು ಕರಿಯ ಜನರ ಮಕ್ಕಳಿಗಾಗಿ ಊರೂರಲ್ಲಿ ಶಾಲೆ ತೆರೆದರು. ಬಿಳಿಯರ ಶಾಲೆಯೊಳಗೆ ಕರಿಯ ಮಕ್ಕಳನ್ನು ಬಿಡದೆ ಇದ್ದ ಕಾಲ ಅದು. 1925ರಲ್ಲಿ ನ್ಯೂ ಆರ್ಲಿಯನ್ಸಿನ ಝೇವಿಯರ್ ವಿಶ್ವವಿದ್ಯಾಲಯವೂ ಎದ್ದಿತು. ಜೀವಮಾನದಲ್ಲಿ ಆಕೆ ಈ ಕೆಲಸಕ್ಕೆ ಕೊಟ್ಟಿದ್ದು ಸುಮಾರು 2 ಕೋಟಿ ಡಾಲರ್ ಅಂತ ಲೆಕ್ಕ. ಎಲ್ಲ ಆ ಟ್ರಸ್ಟಿನ ಆದಾಯದಿಂದ.

1955ರಲ್ಲಿ, 96ನೇ ವಯಸ್ಸಿನಲ್ಲಿ, ಮದರ್ ಕ್ಯಾಥರೀನ್ ತೀರಿಕೊಂಡರು. ಮೂವರು ಅಕ್ಕತಂಗಿಯರಲ್ಲಿ ಕೊನೆಯವರು ಅವರೇ. ಉಯಿಲಿನ ಪ್ರಕಾರ ಅಸಲು ಅಪ್ಪ ಹೆಸರಿಸಿದ್ದ ಸಂಸ್ಥೆಗಳಿಗೆ ಹೋಯಿತು. ಆ ಪಟ್ಟಿಯಲ್ಲಿ ಮಗಳ ಸಭೆ ಇರಲಿಲ್ಲ. ಇರಲು ಸಾಧ್ಯವೂ ಇರಲಿಲ್ಲ, ಅಪ್ಪ ಸತ್ತು ಆರು ವರ್ಷದ ಮೇಲೆ ಹುಟ್ಟಿದ ಸಭೆ ಅದು. ಅಷ್ಟೊಂದು ಶಾಲೆಗಳಿಗೆ ಅರವತ್ತಕ್ಕೂ ಹೆಚ್ಚು ವರ್ಷ ಹರಿದ ನೀರು ಒಂದೇ ದಿನದಲ್ಲಿ ನಿಂತಿತು. ಯಾರೂ ಮೋಸ ಮಾಡಲಿಲ್ಲ. ಉಯಿಲನ್ನು ಅಕ್ಷರಕ್ಕೆ ಅಕ್ಷರ ಪಾಲಿಸಿದರು. ಹಾಗಾಗಿ ದತ್ತಿಪತ್ರ ಬರೆಯುವವರು, ಮುಂದೆ ಕಾಲ ಬದಲಾದರೆ ಏನು ಮಾಡಬೇಕು ಅಂತ ಒಂದು ಸಾಲು ಸೇರಿಸಿ. ಈ ಶಾಲೆ ಮುಚ್ಚಿದರೆ ಯಾವ ಶಾಲೆಗೆ, ಫೀಸೇ ಇಲ್ಲದ ಕಾಲ ಬಂದರೆ ಯಾವ ಖರ್ಚಿಗೆ, ಇಷ್ಟಾದರೂ ಬರೆಯಿರಿ. ಧರ್ಮಸಭೆಯ ಕಾನೂನು ಕೂಡ ಬದಲಾವಣೆಗೆ ಬಾಗಿಲು ಪೂರ್ತಿ ಮುಚ್ಚಿಲ್ಲ. ದತ್ತಿಯ ಆದಾಯ ಕುಗ್ಗಿ, ಹೊಣೆ ನೆರವೇರಿಸಲು ಆಗದೇ ಹೋದರೆ ಅದನ್ನು ಕಡಿಮೆ ಮಾಡಬಹುದು. ಆದರೆ ಅದನ್ನು ಮಾಡಬೇಕಾದವರು ಧರ್ಮಾಧ್ಯಕ್ಷರು. ಅದಕ್ಕೆ ಮೊದಲು ಸಂಬಂಧಪಟ್ಟವರ ಮಾತನ್ನೂ ಹಣಕಾಸು ಸಮಿತಿಯ ಮಾತನ್ನೂ ಕೇಳಬೇಕು, ಕೊಟ್ಟವರ ಇಚ್ಛೆಯನ್ನು ಆದಷ್ಟು ಉಳಿಸಬೇಕು. ರಿಜಿಸ್ಟರಿನಲ್ಲಿ ಸಹಿಯಿಲ್ಲದ ಒಂದು ಸಾಲು ಬರೆದು ಮುಗಿಸುವ ಕೆಲಸ ಅಲ್ಲ ಅದು.

ಮಾನ್ಯರೇ, ನಾನು ಕೇಳುವುದು ಇಷ್ಟು. ಸಾಮಾನ್ಯ ನಿಧಿಗೆ ಸೇರಿಸಿದ ಸಣ್ಣ ದತ್ತಿಗಳು ಯಾವುವು, ಪ್ರತಿಯೊಂದರ ಉದ್ದೇಶ ಏನಿತ್ತು ಅಂತ ಹಳೆ ರಿಜಿಸ್ಟರಿನಿಂದ ಒಂದು ಪಟ್ಟಿ ತೆಗೆಸಿ. ಇದಕ್ಕೆ ದೊಡ್ಡ ಖರ್ಚಿಲ್ಲ. ರಜೆಯಲ್ಲಿ ನಾಲ್ಕು ದಿನ ಕೂತರೆ ಆಗುತ್ತದೆ, ನಾನೂ ಬಂದು ಕೂರುತ್ತೇನೆ. ಆ ಮೊತ್ತವನ್ನು ಕಟ್ಟಡದ ಖಾತೆಯಿಂದ ಒಂದೇ ಸಲ ವಾಪಸು ಮಾಡಲು ಆಗದಿದ್ದರೆ, ಐದು ವರ್ಷದಲ್ಲೋ ಹತ್ತು ವರ್ಷದಲ್ಲೋ ಕಂತಿನಲ್ಲಿ ಮಾಡಿ. ಶಾಲೆ ಮಕ್ಕಳಿಗೆ ಸಾಲಗಾರ ಅಂತ ಬರಹದಲ್ಲಿ ಒಪ್ಪಿಕೊಂಡರೆ ಸಾಕು, ನಾವು ಕಾಯುತ್ತೇವೆ.

ಇನ್ನು ಮುಂದೆ ಬರುವ ದತ್ತಿ ಎಷ್ಟೇ ಸಣ್ಣದಿರಲಿ, ಕಾಗದದ ಮೇಲೆ ಬರಲಿ. ಬಾಯಿಮಾತಿನಲ್ಲಿ ಇಟ್ಟ ದತ್ತಿಯನ್ನೂ ಬರೆದಿಡಬೇಕು, ಒಂದು ಪ್ರತಿ ಧರ್ಮಾಧ್ಯಕ್ಷರ ಕಚೇರಿಯಲ್ಲಿ, ಇನ್ನೊಂದು ದತ್ತಿ ನೋಡಿಕೊಳ್ಳುವ ಸಂಸ್ಥೆಯಲ್ಲಿ ಇರಬೇಕು ಅಂತ 1306ನೇ ಕಲಮೇ ಹೇಳುತ್ತದೆ. ಹೆಡ್‌ಮಿಸ್ಟ್ರೆಸ್ ಬದಲಾದರೂ, ಮ್ಯಾನೇಜರ್ ಫಾದರ್ ವರ್ಗ ಆದರೂ ಕಾಗದ ಅಲ್ಲೇ ಇರುತ್ತದೆ. ನಮ್ಮ ಶಾಲೆಯ ನೆನಪು ಒಬ್ಬ ಸಿಸ್ಟರ್ ತಲೆಯಲ್ಲಿತ್ತು. ಅವರು ಹೋದ ಮೇಲೆ ನೆನಪೂ ಹೋಯಿತು.

ವರ್ಷಕ್ಕೊಮ್ಮೆ ಒಂದು ಪುಟದ ಲೆಕ್ಕ ಕೊಡಿ. ಒಂದೇ ಪುಟ. ದತ್ತಿನಿಧಿಯಲ್ಲಿ ಎಷ್ಟಿದೆ, ಎಷ್ಟು ಬಡ್ಡಿ ಬಂತು, ಎಷ್ಟು ಅಸಲಿಗೆ ಸೇರಿತು, ಎಷ್ಟು ಮಕ್ಕಳಿಗೆ ಹೋಯಿತು. ಮಕ್ಕಳ ಹೆಸರು ಖಂಡಿತ ಬೇಡ, ಫೋಟೋ ಬೇಡವೇ ಬೇಡ. ಚೆಕ್ ಹಿಡಿದುಕೊಂಡು ದಾನಿಯ ಪಕ್ಕ ಮಗುವನ್ನು ನಿಲ್ಲಿಸಿ ತೆಗೆದ ಚಿತ್ರ ನೋಡಿದಾಗಲೆಲ್ಲ ನನಗೆ ನೋಟ್‌ಬುಕ್ಕಿನೊಳಗಿನ ಆ ರಸೀದಿ ನೆನಪಾಗುತ್ತದೆ. ನನ್ನನ್ನು ಹಾಗೆ ನಿಲ್ಲಿಸಿದ್ದರೆ ನಾನು ಮಾರನೇ ದಿನ ಶಾಲೆಗೆ ಬರುತ್ತಿರಲಿಲ್ಲ. ಆ ಲೆಕ್ಕವನ್ನು ನೋಡಿ ಸಹಿ ಹಾಕಲು ಆಡಳಿತ ಮಂಡಳಿಯ ಹೊರಗಿನ ಇಬ್ಬರನ್ನು ಆರಿಸಿ. ಒಬ್ಬರು ಲೆಕ್ಕ ಬಲ್ಲವರು, ಇನ್ನೊಬ್ಬರು ಶಾಲೆಯ ಹಳೆ ಟೀಚರ್ ಆದರೆ ಒಳ್ಳೆಯದು. ಯಾವ ಮಗುವಿನ ಮನೆಯಲ್ಲಿ ಏನು ಕಷ್ಟ ಅಂತ ಅವರಿಗೆ ಗೊತ್ತಿರುತ್ತದೆ.

ಕಥೋಲಿಕ ಶಾಲೆಗಳನ್ನು ಕಟ್ಟಲು, ನಡೆಸಲು ಕೈಲಾದಷ್ಟು ನೆರವಾಗಿ ಅಂತ 800ನೇ ಕಲಮು ವಿಶ್ವಾಸಿಗಳಿಗೆ ಹೇಳುತ್ತದೆ. ಆಗಲಿ, ನಾವು ತಯಾರಿದ್ದೇವೆ. ನನ್ನ ಜೊತೆ ಓದಿದ ಹನ್ನೊಂದು ಜನರಿಗೆ ನಡೆದಿದ್ದನ್ನು ಹೇಳಿದೆ. ಅವರಲ್ಲಿ ಮೂವರು ನನ್ನ ಹಾಗೇ ದತ್ತಿಯಲ್ಲಿ ಓದಿದವರು ಅಂತ ನನಗೆ ಗೊತ್ತಾಗಿದ್ದು ಆವತ್ತೇ. ಇಷ್ಟು ವರ್ಷ ಒಬ್ಬರಿಗೊಬ್ಬರು ಹೇಳಿರಲಿಲ್ಲ. ಎಲ್ಲರೂ ಸೇರಿ ಒಂದು ಮೊತ್ತ ಕೂಡಿಸಿದ್ದೇವೆ. ಅದು ಈಗ ನಮ್ಮಲ್ಲೇ ಇದೆ. ನೂರು ಮಕ್ಕಳ ಫೀಸಿನಷ್ಟು ಇಲ್ಲ, ಆದರೆ ಇಬ್ಬರು ಮಕ್ಕಳನ್ನು ಹತ್ತನೇ ಕ್ಲಾಸು ಮುಗಿಸುವಷ್ಟು ಇದೆ. ದತ್ತಿಗೆ ಬೇರೆ ಖಾತೆ ತೆರೆದು, ಟೀಚರ್ ಬರೆದ ಆ ನಾಲ್ಕು ಷರತ್ತನ್ನೇ ಮೊದಲ ಪುಟದಲ್ಲಿ ಅಂಟಿಸಿದ ದಿನ ತಂದು ಕೊಡುತ್ತೇವೆ. ನಮ್ಮ ಹೆಸರೂ ಎಲ್ಲೂ ಬೇಡ.

ಟೀಚರ್ ಪತ್ರದ ಮೂಲ ನಿಮ್ಮ ಕಡತದಲ್ಲಿ ಇಲ್ಲದಿದ್ದರೆ ಚಿಂತೆ ಇಲ್ಲ. ಬೈಬಲ್ಲಿನಲ್ಲಿದ್ದ ಪ್ರತಿಯನ್ನು ಅವರ ಮನೆಯವರು ನನಗೆ ಕೊಟ್ಟಿದ್ದಾರೆ. ಶಾಲೆಯ ಮೊಹರು ಅದರ ಮೇಲೆ ಇನ್ನೂ ಓದುವ ಹಾಗಿದೆ. ಶಾಲೆ ಶುರುವಾಗುವ ಮೊದಲು ನಿಮ್ಮ ಉತ್ತರ ಬಂದರೆ ಈ ವರ್ಷವೇ ಇಬ್ಬರ ಫೀಸು ಕಟ್ಟಬಹುದು. ಯಾವ ದಿನ, ಎಷ್ಟು ಹೊತ್ತಿಗೆ ಬರಬೇಕು ಅಂತ ತಿಳಿಸಿ.

ಗೌರವದಿಂದ,
ನಿಮ್ಮ ಶಾಲೆಯ ಒಬ್ಬ ಹಳೆ ವಿದ್ಯಾರ್ಥಿನಿ